ಹಳೇ ಆದೇಶ ಎಲ್ಲಿದೆ ಸ್ವಾಮೀ?

ಸರ್ಕಾರದ ಹಳೇ ಆದೇಶವೊಂದು ಬೇಕಿತ್ತು. ಇಲಾಖೆಯ ವೆಬ್‌ಸೈಟ್ ಹೊಸದಾಗಿದೆ, ಮಂತ್ರಿಗಳ ಫೋಟೋ ದೊಡ್ಡದಾಗಿದೆ. ಆದೇಶದ ಲಿಂಕ್ ಒತ್ತಿದರೆ ಮಾತ್ರ 404, ಅಂದರೆ ಆ ಪುಟವೇ ಇಲ್ಲ. ಸೈಟ್ ಬದಲಾಯಿಸಿದವರು ಹಳೇ ಕಡತಗಳನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಬೇರೆ ಕಡೆ ಪಿಡಿಎಫ್ ಸಿಕ್ಕಿತು. ಓರೆಯಾಗಿ ಸ್ಕ್ಯಾನ್ ಮಾಡಿದ್ದು. ಸೀಲು ಬಿದ್ದ ಕಡೆ ದಿನಾಂಕವೇ ಕಾಣುವುದಿಲ್ಲ. ಬರೀ ಚಿತ್ರ, ಹಾಗಾಗಿ ಒಂದು ಪದ ಹುಡುಕಲೂ ಆಗುವುದಿಲ್ಲ. ಟೈಪ್ ಮಾಡಿದ ಹಳೇ ಕಡತಗಳದ್ದು ಇನ್ನೊಂದು ಗೋಳು. ಎಷ್ಟೋ ಕಡತಗಳು ಹಳೇ ನುಡಿ ಫಾಂಟ್‌ನಲ್ಲಿವೆ, ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಸಂಕೇತದಲ್ಲಿಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಬದಲಾಯಿಸುವ ತಂತ್ರಾಂಶ ಪುಕ್ಕಟೆಯಾಗಿಯೇ ಸಿಗುತ್ತದೆ. ಒಮ್ಮೆ ಕೂತು ಮಾಡಿಸಲು ಏನು ಕಷ್ಟವೋ!

ದಾಖಲೆಗಳನ್ನು ಪಟ್ಟಿ ಮಾಡಿ, ಕಂಪ್ಯೂಟರ್‌ಗೆ ಹಾಕಿ, ಸುಲಭವಾಗಿ ಸಿಗುವ ಹಾಗೆ ಇಡಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೇ ಹೇಳುತ್ತದೆ. ನಮಗೆ ಸಿಗುವುದು ‘ಸ್ಕ್ಯಾನ್001’ ಅನ್ನೋ ಹೆಸರಿನ ಫೈಲು. ಮೈಸೂರು ಸಂಸ್ಥಾನದ ಕಾಲದ ಕಾಗದಪತ್ರಗಳನ್ನು ರಾಜ್ಯ ಪತ್ರಾಗಾರದಲ್ಲಿ ಇವತ್ತಿಗೂ ಓದಬಹುದು. 2008ರ ಸುತ್ತೋಲೆ ಬೇಕಂದ್ರೆ? ನೌಕರರ ಯಾವುದಾದರೂ ವಾಟ್ಸಾಪ್ ಗುಂಪಿನಲ್ಲಿ ಕೇಳಿ, ಅಲ್ಲಿ ಬೇಗ ಸಿಗುತ್ತದೆ.