ಚಿಂಚೋಳಿಯ ಜೀಪು, ಗುರುಗ್ರಾಮದ ಲೆಕ್ಕ

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಚಿಂಚೋಳಿ ಕಡೆ ಊರಲ್ಲಿ ಯಾರೂ ಉಳಿಯುವುದಿಲ್ಲ. ಎಲ್ಲರೂ ಹೊಲದಲ್ಲಿರುತ್ತಾರೆ. ಈ ಸಲ ನಾನೂ ಊರಿಗೆ ಹೋಗಿದ್ದೆ. ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಬೇವಿನ ಮರದ ಕೆಳಗೆ ಕುಳಿತಿದ್ದಾಗ ತಮ್ಮ ಮಾತು ತೆಗೆದ.

"ಅಣ್ಣಾ, ಈ ಹಳೀ ಗಾಡಿ ಇನ್ನೆಷ್ಟು ವರ್ಷ ಎಳೀಬೇಕು? ಕೊಟ್ಟು ಥಾರ್ ತಗೊಂಬಿಡೋಣು. ನೀನೂ ಅರ್ಧ ಹಾಕು."

ಥಾರ್ ಅಂದರೆ ಮಹೀಂದ್ರ ಕಂಪನಿಯ ಹೊಸ ಕಾಲದ ಜೀಪು. ನಮ್ಮ ಹಳೆ ಗಾಡಿ ಅಲ್ಲೇ ಬದುವಿನ ಪಕ್ಕ ನಿಂತಿತ್ತು. ಅಪ್ಪ 1994ರಲ್ಲಿ ಕೊಂಡ ಮಹೀಂದ್ರ ಎಂಎಂ 540 ಜೀಪು. ಕೆಎ-32 ನಂಬರು. ಹಿಂದೆ ಹಾಸಿದ ಜಮಖಾನದ ಮೇಲೆ ಮಕ್ಕಳು ಮಲಗಿದ್ದರು. ತಮ್ಮನಿಗೆ ಆಗಲೇ ಉತ್ತರ ಹೇಳಲು ನನಗೆ ಆಗಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಯೋಚನೆ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಳ್ಳಿಯಲ್ಲಿ ಹಳೆ ಜೀಪು ಇಟ್ಟುಕೊಂಡ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆದಿರುತ್ತದೆ, ಅಲ್ವಾ?

ನಾನು ಗುರುಗ್ರಾಮದಲ್ಲಿದ್ದು 18 ವರ್ಷ ಆಯಿತು. ಇಲ್ಲಿ ಬಹಳ ವರ್ಷ ಗಾಡಿಯ ಆಯಸ್ಸನ್ನು ಕ್ಯಾಲೆಂಡರ್ ಹೇಳುತ್ತಿತ್ತು. ದೆಹಲಿ ಮತ್ತು ಸುತ್ತಲಿನ ಊರುಗಳಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ ಎಂದು ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ನನ್ನ ಡೀಸೆಲ್ ಕಾರು 2011ರದ್ದು. 2021ಕ್ಕೆ ಹತ್ತು ವರ್ಷ ತುಂಬಿತು. ಓಡಿದ್ದು 70,000 ಕಿಲೋಮೀಟರ್ ಮಾತ್ರ. ಎಂಜಿನ್ ಗಟ್ಟಿಮುಟ್ಟಾಗಿತ್ತು. ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತೆಗೆಸಿ, ಬೇರೆ ರಾಜ್ಯಕ್ಕೆ ಒಯ್ಯುವವನಿಗೆ ಬಂದಷ್ಟು ದುಡ್ಡಿಗೆ ಕೊಟ್ಟೆ. ಕೀಲಿ ಕೊಡುವಾಗ ನಿಜವಾಗಿ ಸಂಕಟ ಆಯಿತು.

ಆದರೆ ಆ ನಿಯಮ ಸುಮ್ನೆ ಬಂದದ್ದಲ್ಲ. ನವೆಂಬರಿನಲ್ಲಿ ಇಲ್ಲಿ ಬಾಲ್ಕನಿಗೆ ಬಂದರೆ ಎದುರಿನ ಕಟ್ಟಡ ಮಸುಕಾಗಿರುತ್ತದೆ. ಮಗಳು ಸಣ್ಣವಳಿದ್ದಾಗ ಪ್ರತಿ ಚಳಿಗಾಲ ನೆಬ್ಯುಲೈಸರ್ ಹಿಡಿದು ಕೂತಿದ್ದೇವೆ. ಲಕ್ಷಾಂತರ ಗಾಡಿಗಳು ಒಂದೇ ಬಟ್ಟಲಿನಂಥ ಊರಿನಲ್ಲಿ ಹೊಗೆ ಬಿಡುವಾಗ ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಆ ಗೆರೆ ವಯಸ್ಸಿನ ಮೇಲೆ ಇರಬೇಕೋ ಹೊಗೆಯ ಮೇಲೆ ಇರಬೇಕೋ ಎಂಬ ಜಗಳ ಇನ್ನೂ ಕೋರ್ಟಿನ ತನಕ ಹೋಗುತ್ತಲೇ ಇದೆ. ನನ್ನ ಮಟ್ಟಿಗೆ ಹೊಗೆಯನ್ನೇ ಅಳೆಯಬೇಕು.

ತೊಂದರೆ ಏನೆಂದರೆ, ಇಲ್ಲಿ ಇದ್ದು ಇದ್ದು ನನ್ನ ತಲೆಯೂ ಹಾಗೇ ಓಡಲು ಶುರುವಾಗಿದೆ. ಹತ್ತು ವರ್ಷ ಆಯಿತಾ, ಬದಲಾಯಿಸು. ತಮ್ಮ ಕೇಳಿದಾಗ ಮೊದಲು ಬಾಯಿಗೆ ಬಂದದ್ದು "ಹೂಂ, ಮೂವತ್ತು ವರ್ಷ ಆತಲ್ಲ, ಕೊಟ್ಟುಬಿಡು" ಎಂದೇ. ಬೇವಿನ ಮರದ ಕೆಳಗೆ ಕೂತದ್ದಕ್ಕೆ ಆ ಮಾತು ಒಳಗೇ ಉಳಿಯಿತು. ಕಣ್ಣೆದುರು ಜೀಪು ಇತ್ತು. ಅಲ್ಲಿಗೆ ಹದಿಮೂರು ಜನರನ್ನು, ಅಡುಗೆಯ ಪಾತ್ರೆಗಳನ್ನು, ಎರಡು ಕೊಡ ನೀರನ್ನು ಹೊತ್ತು ತಂದದ್ದು ಅದೇ.

ಊರಿನಲ್ಲಿ ಗಾಡಿಗೆ ಬೇರೆ ಲೆಕ್ಕ. ಕೆಲಸ ಮಾಡುತ್ತದಾ? ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಸಾಮಾನು ಎಲ್ಲಿ ಸಿಗುತ್ತದೆ? ಎಷ್ಟು ವರ್ಷ ಆಯಿತು ಎಂದು ಯಾರೂ ಕೇಳುವುದಿಲ್ಲ. ನಮ್ಮ ಜೀಪಿನ ಎಂಜಿನ್ ಪ್ಯೂಜೋ ಕಂಪನಿಯ ವಿನ್ಯಾಸದ 2.1 ಲೀಟರಿನ ಡೀಸೆಲ್. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್. ಚಳಿಗಾಲದ ಮುಂಜಾನೆ ಹೀಟರ್ ಹಾಕಿ ಸ್ವಲ್ಪ ಕಾಯಬೇಕು, ಅಷ್ಟೇ. ಬ್ಯಾಟರಿ ಸತ್ತರೆ ನಾಲ್ಕು ಜನ ನೂಕಿದರೆ ಶುರು. ಒಂದು ಪಾನಾ ಪೆಟ್ಟಿಗೆ, ಸ್ವಲ್ಪ ತಂತಿ ಇದ್ದರೆ ಅರ್ಧ ರೋಗ ದಾರಿಯಲ್ಲೇ ವಾಸಿ.

2020ರ ಅಕ್ಟೋಬರಿನ ಮಳೆ ಕಲಬುರಗಿ, ಯಾದಗಿರಿ ಕಡೆಯವರಿಗೆ ಮರೆಯುವಂಥದ್ದಲ್ಲ. ಭೀಮಾ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ನಮ್ಮಲ್ಲಿ ಹಳ್ಳ ಉಕ್ಕಿ ಕೊಟ್ಟಿಗೆಯ ತನಕ ಬಂತು. ಜೀಪು ಒಂದು ರಾತ್ರಿ ಪೂರ್ತಿ ಸೊಂಟದ ಮಟ್ಟದ ನೀರಿನಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಮಿಸ್ತ್ರಿ ಚಾಚಾ ಬಂದರು. ಮೊದಲು ಯಾರಿಗೂ ಕೀಲಿ ಮುಟ್ಟಲು ಬಿಡಲಿಲ್ಲ. ಎಂಜಿನ್ ಎಣ್ಣೆ, ಗೇರ್ ಎಣ್ಣೆ, ಹಿಂದೆ ಮುಂದೆ ಎರಡೂ ಆಕ್ಸಲ್ ಎಣ್ಣೆ ಇಳಿಸಿದರು. ನೀರು ಸೇರಿ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಡೀಸೆಲ್ ಟ್ಯಾಂಕ್ ತೊಳೆದರು. ಸ್ಟಾರ್ಟರು, ಡೈನಮೊ ಬಿಚ್ಚಿ ಬಿಸಿಲಿಗೆ ಇಟ್ಟರು. ನಾಲ್ಕನೆಯ ದಿನ ಗಾಡಿ ಓಡಿತು. ಅದೇ ಮಳೆಯಲ್ಲಿ ನೀರು ಹೊಕ್ಕ ನಮ್ಮ ಸಂಬಂಧಿಕರ ಹೊಸ ಗಾಡಿಯನ್ನು ಲಾರಿ ಮೇಲೆ ಹೇರಿ ಪಟ್ಟಣಕ್ಕೆ ಒಯ್ದರು. ವೈರಿಂಗ್, ಸೆನ್ಸರ್ ಎಲ್ಲ ಬದಲಾಗಿ ಮನೆಗೆ ಬರಲು ಎರಡು ತಿಂಗಳ ಮೇಲೆ ಹಿಡಿಯಿತು.

ಇನ್ನೊಂದು ವಿಷಯ ಎರೆ ಹೊಲದವರಿಗೆ ಗೊತ್ತು. ಮಳೆ ಬಿದ್ದ ಎರೆ ಮಣ್ಣು ಟೈರಿಗೆ ರೊಟ್ಟಿ ಹಿಟ್ಟಿನಂತೆ ಅಂಟುತ್ತದೆ. ಟೈರಿನ ಗೆರೆಗಳೆಲ್ಲ ಮುಚ್ಚಿ ಚಕ್ರ ನುಣ್ಣಗಾಗುತ್ತದೆ. ಆಮೇಲೆ ಮಡ್‌ಗಾರ್ಡಿನ ಒಳಗೆ ತುಂಬಿ ಚಕ್ರವನ್ನೇ ಹಿಡಿಯುತ್ತದೆ. ಮೂರು ದಿನ ಮಳೆ ಹೊಡೆದ ಮೇಲೆ ನಮ್ಮ ಬಂಡಿ ದಾರಿಯಲ್ಲಿ ಯಾವ ಜೀಪೂ ಹೋಗುವುದಿಲ್ಲ, ಹೊಸದೂ ಇಲ್ಲ, ಹಳೆಯದೂ ಇಲ್ಲ. ಟ್ರ್ಯಾಕ್ಟರ್ ಬರಬೇಕು, ಇಲ್ಲವೇ ಬಿಸಿಲು ಬರಬೇಕು. ಅರ್ಧ ಒಣಗಿದ ರಾಡಿಯಲ್ಲಿ ಮಾತ್ರ ಹಳೆ ಜೀಪಿನ ಗುಣ ಕಾಣುತ್ತದೆ. ಸಣ್ಣ ಟೈರು, ಕಡಿಮೆ ತೂಕ, ನಾಲ್ಕೂ ಚಕ್ರ ತಿರುಗಿಸುವ ಫೋರ್ ವೀಲ್‌ನ ಲೋ ಗೇರು. ನಡಿಗೆಯ ವೇಗದಲ್ಲಿ ಗುರ್ ಎನ್ನುತ್ತಾ ದಾಟಿಬಿಡುತ್ತದೆ. ಹೊಸ ಥಾರ್ ಅದಕ್ಕಿಂತ ಕೆಲವು ನೂರು ಕಿಲೋ ಜಾಸ್ತಿ ಭಾರ, ಟೈರೂ ಅಗಲ.

ಹಾಗಂತ ಹೊಸ ಥಾರ್ ಕೆಟ್ಟ ಗಾಡಿ ಅಲ್ಲ. ಬಹಳ ಒಳ್ಳೆಯ ಗಾಡಿ. 2010ರಲ್ಲಿ ಮೊದಲ ಥಾರ್ ಬಂದಾಗ ಅದು ನಮ್ಮ ಜೀಪಿನ ಮೊಮ್ಮಗನಂತೇ ಇತ್ತು. 2020ರ ಅಕ್ಟೋಬರ್ 2ಕ್ಕೆ ಬಂದದ್ದು ಬೇರೆಯೇ ಗಾಡಿ. ಡೀಸೆಲ್ 2.2 ಲೀಟರು, 130 ಕುದುರೆ ಶಕ್ತಿ. ಅಪಘಾತ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್. ಐದು ಬಾಗಿಲಿನ ರಾಕ್ಸ್ 2024ರಲ್ಲಿ ಬಂತು, ಅದಕ್ಕೆ ನಮ್ಮ ದೇಶದ ಅಪಘಾತ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್, ಆರು ಏರ್‌ಬ್ಯಾಗ್. ಗೆಳೆಯನೊಬ್ಬನ ಥಾರ್‌ನಲ್ಲಿ ಉತ್ತರಾಖಂಡದ ಗುಡ್ಡ ಹತ್ತಿದ್ದೇನೆ. ಕಲ್ಲಿನ ದಾರಿಯಲ್ಲಿ ಅದು ಹೋಗುವ ರೀತಿ ನೋಡಿ ಖುಷಿಪಟ್ಟಿದ್ದೇನೆ. ಹಳೆ ಜೀಪಿನಲ್ಲಿ ಅಂಥ ದಾರಿ ಇಳಿದರೆ ರಾತ್ರಿ ಬೆನ್ನು ನೆಟ್ಟಗೆ ಆಗುವುದಿಲ್ಲ.

ಆದರೆ ತಮ್ಮ ನೋಡಿ ಬಂದದ್ದು ಯಾವ ಥಾರ್? ಕೇಳಿದೆ. ಕಡಿಮೆ ಬೆಲೆಯದ್ದು, 1.5 ಲೀಟರಿನ ಡೀಸೆಲ್, 2023ರಲ್ಲಿ ಬಂದದ್ದು. ಅದು ಹಿಂದಿನ ಚಕ್ರ ಮಾತ್ರ ತಿರುಗುವ ಗಾಡಿ. ಫೋರ್ ವೀಲ್ ಇಲ್ಲ, ಲೋ ಗೇರಿನ ಕಡ್ಡಿ ಇಲ್ಲ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಹಾಗಾಗಿ ಅವನು ಅದನ್ನು ಕೇಳಿಯೇ ಇರಲಿಲ್ಲ. ಫೋರ್ ವೀಲ್ ಬೇಕೆಂದರೆ ಲಕ್ಷಗಳು ಏರುತ್ತವೆ. ರಾಕ್ಸ್‌ನ ಫೋರ್ ವೀಲ್ ಅಂದರೆ ಇಪ್ಪತ್ತು ಲಕ್ಷದ ಆಸುಪಾಸಿನ ಮಾತು. 14 ಎಕರೆ ತೊಗರಿಯ ಮೇಲೆ ನಿಂತ ಮನೆಗೆ ಅದು ಹಗುರವಲ್ಲ. ತೊಗರಿಯ ದರ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ, ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳು ಅಷ್ಟೇ ಇರುತ್ತದೆ.

ಡಿಪಿಎಫ್ ವಿಷಯವೂ ಇದೆ. 2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆಯ ನಿಯಮ ಬಂತಲ್ಲ, ಆ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಒಂದು ಜರಡಿ ಇರುತ್ತದೆ, ಅದೇ ಡಿಪಿಎಫ್. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಚೆನ್ನಾಗಿ ಬಿಸಿಯಾಗಿ, ಒಂದಿಷ್ಟು ಹೊತ್ತು ವೇಗದಲ್ಲಿ ಓಡಬೇಕು. ನಮ್ಮ ಜೀಪಿನ ದಿನಚರಿ ನೋಡಿ. ಮನೆಯಿಂದ ಹೊಲ 3 ಕಿಲೋಮೀಟರ್. ಅಲ್ಲಿ ಎರಡು ತಾಸು ನಿಲ್ಲು, ಮತ್ತೆ 3 ಕಿಲೋಮೀಟರ್. ವಾರಪೂರ್ತಿ ಹೀಗೆ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇಂಥ ಓಡಾಟಕ್ಕೆ ಹಾಕಿದರೆ ಆ ಜರಡಿ ಬೇಗ ಕಟ್ಟಿಕೊಳ್ಳುತ್ತದೆ, ಎದುರಿಗೆ ದೀಪ ಹತ್ತುತ್ತದೆ. ಆಗ ಹುಮನಾಬಾದ್ ಕಡೆ ಹೈವೇಗೆ ಹೋಗಿ ಓಡಿಸಿಕೊಂಡು ಬರಬೇಕು. ಪೆಟ್ರೋಲ್ ಗಾಡಿಯಲ್ಲಿ ಈ ತಾಪತ್ರಯ ಇಲ್ಲ, ಆದರೆ ಹೊಲದ ದಾರಿಯಲ್ಲಿ ಸಣ್ಣ ಗೇರಿನಲ್ಲಿ ಅದಕ್ಕೆ ಎಷ್ಟು ಹಾಕಿದರೂ ಸಾಲದು.

ಇಷ್ಟೆಲ್ಲ ಹೇಳಿದರೂ ತಮ್ಮನ ಒಂದು ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ.

"ಅವ್ವಗ ತಿಂಗಳಿಗೊಮ್ಮೆ ಕಲಬುರಗಿ ದವಾಖಾನಿಗೆ ಒಯ್ತೀನಿ. ಇದರಾಗ ಒಯ್ಯಾಕ ಅಂಜಿಕಿ ಬರ್ತದ ಅಣ್ಣಾ."

ನಿಜ. ಚಿಂಚೋಳಿಯಿಂದ ಕಲಬುರಗಿ ಎರಡು ತಾಸಿನ ದಾರಿ. ನಡುವೆ ಸಿಮೆಂಟಿನ ಲಾರಿಗಳು, ಕಬ್ಬಿನ ಟ್ರ್ಯಾಕ್ಟರುಗಳು, ತುಂಬಿ ತುಳುಕುವ ಕ್ರೂಸರುಗಳು. ನಮ್ಮ ಜೀಪಿಗೆ ಡ್ರಮ್ ಬ್ರೇಕು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಹಿಂದಿನ ಸೀಟಿಗೆ ಬೆಲ್ಟೂ ಇಲ್ಲ. ಮೇಲೆ ಬರೀ ತಾಡಪತ್ರಿ. ಒಮ್ಮೆ ಪಲ್ಟಿಯಾದರೆ ಒಳಗಿದ್ದವರನ್ನು ಹಿಡಿದಿಡಲು ಏನೂ ಇಲ್ಲ. ಅಪ್ಪನ ನೆನಪು ಅಂತ ಹೇಳಿ ಅವ್ವನನ್ನು ಅದರಲ್ಲಿ ಹೈವೇ ಮೇಲೆ ಕೂರಿಸುವುದು ಸರಿಯಲ್ಲ. ಹಳೆ ಗಾಡಿಯ ಮೇಲೆ ಪ್ರೀತಿ ಇರುವ ನಾವೆಲ್ಲ ಈ ಮಾತಿಗೆ ಬಂದಾಗ ತಪ್ಪಿಸಿಕೊಳ್ಳುತ್ತೇವೆ. ತಪ್ಪಿಸಿಕೊಳ್ಳಬಾರದು.

ಆದರೆ ಅದಕ್ಕೆ ಥಾರೇ ಬೇಕಾ? ಮೂರು ಬಾಗಿಲಿನ ಥಾರ್‌ನಲ್ಲಿ ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ ಹತ್ತಬೇಕು. ಮೊಣಕಾಲು ನೋವಿನ ಅವ್ವ ಮುಂದೆ ಕೂತರೂ ಎತ್ತರ ಎತ್ತರವೇ. ಅವಳಿಗೆ ಬೇಕಾದದ್ದು ತಗ್ಗಾದ, ಬಾಗಿಲು ಅಗಲ ತೆರೆಯುವ, ಏಸಿ ಇರುವ, ಏರ್‌ಬ್ಯಾಗು ಎಬಿಎಸ್ ಎರಡೂ ಇರುವ ಸಾದಾ ಕಾರು. ನಾಲ್ಕೈದು ವರ್ಷ ಓಡಿದ್ದು ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಥಾರ್‌ನ ಅರ್ಧಕ್ಕೂ ಕಡಿಮೆಗೆ ಸಿಗುತ್ತದೆ. ಹೊಲಕ್ಕೆ ಜೀಪು, ದವಾಖಾನೆಗೆ ಕಾರು. ಎರಡೂ ಕೆಲಸವನ್ನು ಒಂದೇ ಗಾಡಿಯ ತಲೆಗೆ ಕಟ್ಟುವುದರಿಂದಲೇ ಖರ್ಚು ಇಪ್ಪತ್ತು ಲಕ್ಷಕ್ಕೆ ಹೋಗುತ್ತದೆ ಎಂದು ನನಗೆ ಅನಿಸುತ್ತದೆ.

ಕಾಗದದ ಲೆಕ್ಕವೂ ನೋಡಿದೆವು. 15 ವರ್ಷದ ನಂತರ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. ನಮ್ಮದು 2009, 2014, 2019, 2024 ದಾಟಿದೆ. ಕಾರು ಜೀಪಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ನಮಗೆ 2029ರಲ್ಲಿ ಅದು ಬರುತ್ತದೆ. ಫಿಟ್‌ನೆಸ್ ಪರೀಕ್ಷೆಯೂ ಇರುತ್ತದೆ. ಐದು ವರ್ಷಕ್ಕೊಮ್ಮೆ ಹತ್ತು ಸಾವಿರ ಕಷ್ಟವೇನಲ್ಲ. ಹೊಗೆ ಜಾಸ್ತಿ ಬಂದರೆ ಮಾತ್ರ ನಾನೇ ನಿಲ್ಲಿಸು ಎನ್ನುತ್ತೇನೆ. ದೆಹಲಿಯ ಗಾಳಿ ಕುಡಿದವನು ಊರಿನಲ್ಲಿ ಕರಿ ಹೊಗೆ ಬಿಡುವ ಗಾಡಿಯ ಪರ ಮಾತಾಡಲಾರೆ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಸರಿ ಮಾಡಿಸಿ, ಪಂಪು ಸೆಟ್ ಮಾಡಿಸಿದರೆ ಅರ್ಧ ಹೊಗೆ ಹೋಗುತ್ತದೆ, ಅದನ್ನಂತೂ ಮಾಡಿಸಲೇಬೇಕು.

ನನಗೆ ನಿಜವಾಗಿ ಚಿಂತೆ ಇರುವುದು ಮಿಸ್ತ್ರಿ ಚಾಚಾ ಬಗ್ಗೆ. ಅಮಾವಾಸ್ಯೆಯ ಮರುದಿನ ಅವರ ಗ್ಯಾರೇಜಿಗೆ ಹೋಗಿದ್ದೆ. ಕಣ್ಣು ಮಂಜಾಗಿದೆ. ಮಗ ಹೈದರಾಬಾದಿನ ಒಂದು ಶೋರೂಮಿನಲ್ಲಿ ಲ್ಯಾಪ್‌ಟಾಪ್ ಹಚ್ಚಿ ಗಾಡಿ ನೋಡುವ ಕೆಲಸದಲ್ಲಿದ್ದಾನೆ, ಒಳ್ಳೆಯ ಸಂಬಳ. ಹಳೆ ಜೀಪಿನ ಗೇರ್‌ಬಾಕ್ಸ್ ಬಿಚ್ಚುವುದನ್ನು ಅವನು ಕಲಿತಿಲ್ಲ. ಚಾಚಾ ಚಹಾ ತರಿಸಿ ಹೇಳಿದರು.

"ಬೇಟಾ, ಇದರ ಎಲ್ಲಾ ನಟ್ಟು ನನ್ನ ಕೈಗೆ ಗೊತ್ತವ. ಈ ಕೈ ಹೋದ ಮ್ಯಾಲ ಏನ್ ಮಾಡ್ತೀರಿ?"

ನನಗೆ ಏನೂ ಹೇಳಲು ತೋಚಲಿಲ್ಲ. ಗುರುಗ್ರಾಮದಲ್ಲಿ ಗಾಡಿ ಹೋಗುವುದು ಕಾನೂನಿನಿಂದ. ನಮ್ಮ ಕಡೆ ಹೋಗುವುದು ಮಿಸ್ತ್ರಿ ಇಲ್ಲದೆ. ಸಾಮಾನು ಇನ್ನೂ ಸಿಗುತ್ತದೆ, ಕಲಬುರಗಿಯಲ್ಲಿ ಸಿಗದಿದ್ದರೆ ಹೈದರಾಬಾದಿನಿಂದ ಬಸ್ಸಿಗೆ ಹಾಕುತ್ತಾರೆ. ಅದನ್ನು ಕೂರಿಸುವ ಕೈಗಳು ಕಡಿಮೆಯಾಗುತ್ತಿವೆ.

ಅದಕ್ಕೇ ತಮ್ಮನಿಗೆ ಹೇಳಿದೆ. ಥಾರ್‌ಗೆ ನಾನು ಅರ್ಧ ಹಾಕುವುದಿಲ್ಲ, ಅವ್ವನ ಕಾರಿಗೆ ಪೂರ್ತಿ ಹಾಕುತ್ತೇನೆ. ಜೀಪಿಗೆ ಬ್ರೇಕು, ವೈರಿಂಗ್, ನಾಜಲ್ ಮೊದಲು, ಆಮೇಲೆ ಎಲ್ಲ ಸೀಟಿಗೂ ಬೆಲ್ಟು. ಕೆಲಸ ಚಾಚಾ ಹತ್ತಿರವೇ ಆಗಬೇಕು, ನೀನು ಪಕ್ಕದಲ್ಲಿ ನಿಂತು ನೋಡಬೇಕು, ಬಿಚ್ಚುವಾಗ ಪಾನಾ ನೀನೇ ಹಿಡಿಯಬೇಕು. ತಮ್ಮನಿಗೆ ಸ್ವಲ್ಪ ಬೇಸರ ಆಯಿತು, ನನಗೆ ಗೊತ್ತು. ಅವನಿಗೂ ಹೊಸ ಗಾಡಿಯಲ್ಲಿ ಊರೊಳಗೆ ಬರುವ ಆಸೆ ಇರುತ್ತದೆ, ಅದು ತಪ್ಪೇನಲ್ಲ. ಎರಡು ದಿನ ಫೋನ್ ಮಾಡಲಿಲ್ಲ.

ಮೂರನೆಯ ದಿನ ಒಂದು ಫೋಟೊ ಕಳಿಸಿದ. ಜೀಪಿನ ಮುಂದಿನ ಎರಡೂ ಚಕ್ರ ಬಿಚ್ಚಿ ಕಲ್ಲಿನ ಮೇಲೆ ನಿಲ್ಲಿಸಿದ್ದಾರೆ. ಚಾಚಾ ಸ್ಟೂಲಿನ ಮೇಲೆ ಕೂತು ಬೆರಳು ತೋರಿಸುತ್ತಿದ್ದಾರೆ. ಗಾಡಿಯ ಕೆಳಗಿನಿಂದ ಹೊರಗೆ ಕಾಣುತ್ತಿರುವ ಎರಡು ಕಾಲು ತಮ್ಮನವು.