ಟಿಕೆಟ್ಟಿನ ಹಿಂಬದಿ

2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗ, ‘ಲಾಟರಿ ಹೊಡೀತಪ್ಪಾ’ ಎಂಬ ಮಾತು ಹರಾಜಿನ ಕಟ್ಟೆಯಿಂದ ಟೀ ಅಂಗಡಿಯವರೆಗೆ ಕೇಳಿಬಂತು. ಹಾಗೆಂದ ಹುಡುಗರಲ್ಲಿ ಬಹಳ ಮಂದಿ ಲಾಟರಿ ಟಿಕೆಟ್ಟನ್ನು ಕಣ್ಣಾರೆ ಕಂಡವರಲ್ಲ. ಕರ್ನಾಟಕದಲ್ಲಿ ಅದರ ಮಾರಾಟ 2007ರಲ್ಲೇ ನಿಂತುಹೋಯಿತು.

ನಮ್ಮ ತಂದೆಯವರ ಟ್ರಂಕಿನ ತಳದಲ್ಲಿ ಮಾತ್ರ ಕರ್ನಾಟಕ ರಾಜ್ಯ ಲಾಟರಿಯ ಒಂದು ಕಟ್ಟು ಇನ್ನೂ ಇದೆ, ರಬ್ಬರ್ ಬ್ಯಾಂಡು ಕರಗಿ ಕಾಗದಕ್ಕೆ ಅಂಟಿಕೊಂಡಿದೆ. ಒಂದಕ್ಕೂ ಬಹುಮಾನ ಬರಲಿಲ್ಲವೆಂಬುದು ಅವು ಟ್ರಂಕಿನಲ್ಲಿರುವುದರಿಂದಲೇ ತಿಳಿಯುತ್ತದೆ. ಅವರು ಮುಂಬದಿಯ ಮೊತ್ತವನ್ನು ಓದುತ್ತಿದ್ದರು. ನನಗೆ ರುಚಿಸುವುದು ಹಿಂಬದಿಯ ಇರುವೆ ಸಾಲಿನಂಥ ನಿಬಂಧನೆಗಳು, ಏಕೆಂದರೆ ಸರ್ಕಾರ ತನ್ನ ಹೊಣೆಯ ಬಗ್ಗೆ ಬಾಯಿಬಿಡುವುದು ಅಲ್ಲಿಯೇ.

1998ರ ಕೇಂದ್ರ ಲಾಟರಿ ಕಾಯ್ದೆಯೂ ಅಂಥದೇ ಹಿಂಬದಿ. ಟಿಕೆಟ್ಟಿನ ಮೇಲೆ ರಾಜ್ಯದ ಲಾಂಛನವಿರಬೇಕು, ಡ್ರಾವನ್ನು ಸರ್ಕಾರವೇ ತನ್ನ ನೆಲದಲ್ಲಿ ನಡೆಸಬೇಕು, ಮಾರಾಟದ ಹಣ ಸರ್ಕಾರದ ಲೆಕ್ಕಕ್ಕೆ ಸೇರಬೇಕು, ಯಾರೂ ಕೇಳದೆ ಉಳಿದ ಬಹುಮಾನವೂ ಸರ್ಕಾರಕ್ಕೇ ಸಲ್ಲಬೇಕು. ಇವೆಲ್ಲ ಲೆಕ್ಕಪತ್ರದ ಮಾತಾಯಿತು. ನನಗೆ ಹೆಚ್ಚು ಹಿಡಿಸಿದ್ದು ಒಂದೇ ಅಂಕಿಗೆ ಬಹುಮಾನ ಕೊಡಕೂಡದೆಂಬ ಕಟ್ಟಳೆ. ಓಸಿ ಎಂಬ ಅಂಕಿ ಜೂಜು ಬರೆಸುವ ಬೀದಿಯಲ್ಲಿ ಬೆಳೆದವರಿಗೆ ಇದರ ಮರ್ಮ ಹೇಳಬೇಕಾಗಿಲ್ಲ: ಹತ್ತರಲ್ಲಿ ಒಂದು ಅಂಕಿ ಎಂದೊಡನೆ, ಏಳು ಬಂದ ದಿನ ಎಂಟಕ್ಕೆ ಕಟ್ಟಿದ್ದವನಿಗೆ ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನಿಸುತ್ತದೆ, ಆತ ಸಂಜೆಗೆ ಮತ್ತೆ ಬರುತ್ತಾನೆ. ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಸಲ್ಲದೆಂಬ ನಿಯಮವೂ ಸೋತವನಿಗೆ ಉಸಿರಾಡಲು ಕೊಟ್ಟ ಬಿಡುವೇ. ಆದರೆ ಏಳು ಲಾಟರಿಗೆ ಏಳು ಹೆಸರಿಟ್ಟರೆ ವಾರವಿಡೀ ಡ್ರಾ ನಡೆಸಬಹುದು, ಕೇರಳದಲ್ಲಿ ನಡೆಯುತ್ತಿರುವುದೂ ಹಾಗೆಯೇ.

ಬಂಗಾರಪೇಟೆಯಲ್ಲಿ ಕನ್ಯಾಕುಮಾರಿ ರೈಲು ಹತ್ತಿದರೆ, ನಮ್ಮಲ್ಲಿ ನಿಷಿದ್ಧವಾದದ್ದು ಬೆಳಗಾಗುವುದರೊಳಗೆ ಸರ್ಕಾರಿ ಇಲಾಖೆಯ ಕೆಲಸವಾಗಿರುತ್ತದೆ. 1967ರಲ್ಲಿ ಕೇರಳ ಇದಕ್ಕೆಂದೇ ಇಲಾಖೆ ತೆರೆಯಿತು; 1968ರ ಜನವರಿ 26ರ ಮೊದಲ ಡ್ರಾಕ್ಕೆ ಟಿಕೆಟ್ಟಿನ ಬೆಲೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಅಲ್ಲಿ ‘ಕಾರುಣ್ಯ’ ಎಂಬ ಹೆಸರಿನ ಲಾಟರಿಯ ಆದಾಯ ಬಡವರ ಚಿಕಿತ್ಸೆಗೆ ಹೋಗುತ್ತದೆ. ಒಳ್ಳೆಯದೇ. ಆದರೂ ಟಿಕೆಟ್ಟು ಕೊಂಡವನನ್ನು ದಾನಿ ಎಂದು ಹೊಗಳುವುದು ನನಗೆ ಒಗ್ಗದು. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಹುಂಡಿಗೆ ಕಾಸು ಹಾಕಿದವರು ಅದು ಮರಳಿ ಬರುತ್ತದೆಂದು ಮರುದಿನದ ಪತ್ರಿಕೆಯಲ್ಲಿ ನಂಬರು ಹುಡುಕುವುದಿಲ್ಲ.

ಹೆಚ್ಚು ಮಾರಿದಷ್ಟೂ ಖಜಾನೆಗೆ ಲಾಭವಿರುವ ಅಂಗಡಿಯವನೇ ‘ಸಾಕು, ಮನೆಗೆ ಹೋಗು’ ಎಂದೂ ಹೇಳಬೇಕಾದದ್ದು ಸರ್ಕಾರಿ ಲಾಟರಿಯ ಪೇಚಾಟ. ನನ್ನ ಕೈಗೆ ಅಧಿಕಾರ ಬಂದರೆ, ಎಷ್ಟು ಲಕ್ಷ ಟಿಕೆಟ್ಟು ಅಚ್ಚಾಗಿದೆ ಎಂಬುದನ್ನು ಮುಂಬದಿಯಲ್ಲೇ ಮೊದಲ ಬಹುಮಾನದಷ್ಟೇ ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದೆ. ಮಾರಾಟ ಕುಸಿದೀತು, ಕುಸಿಯಲಿ.

ಮೊನ್ನೆ ಕಟ್ಟು ಬಿಚ್ಚಿ ಎಣಿಸಿದೆ: 112 ಟಿಕೆಟ್ಟು, ಒಂದೊಂದಕ್ಕೆ ಒಂದು ರೂಪಾಯಿ. ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತದೆ, ‘ಆ ದುಡ್ಡಿಗೆ ಆಗ ಒಂದು ಕರು ಬರ್ತಿತ್ತು’ ಎಂದರು.