ಮಳೆಗಾಲದಲ್ಲಿ ಚಕ್ಕಡಿ ಹೂಡದ ಜನರಲ್

ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ಮತ್ತೆ ಯುದ್ಧ ಶುರುವಾಗಿತ್ತು. ಒಬ್ಬ "ಇವತ್ತೇ ನುಗ್ಗಬೇಕು" ಅಂದ. ಇನ್ನೊಬ್ಬ ಅದರ ಕೆಳಗೆ ಸ್ಯಾಮ್ ಮಾಣೆಕ್‌ಷಾ ಅವರ ಮೀಸೆ ಫೋಟೋ ಹಾಕಿ "ಇಂಥವರು ಬೇಕು ನೋಡ್ರಿ" ಅಂದ. ನನಗೆ ನಗು ಬಂತು. "ಇವತ್ತು ಆಗಲ್ಲ" ಅಂದ ಮನುಷ್ಯನ ಫೋಟೋ ಅದು.

1971ರ ಏಪ್ರಿಲ್. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ನಿರಾಶ್ರಿತರು ದಿನವೂ ಗಡಿ ದಾಟಿ ಬರುತ್ತಿದ್ದರು. ಪ್ರಧಾನಿ ಇಂದಿರಾ ಗಾಂಧಿ ಸಂಪುಟ ಸಭೆಗೆ ಸೇನಾ ಮುಖ್ಯಸ್ಥ ಮಾಣೆಕ್‌ಷಾ ಅವರನ್ನು ಕರೆಸಿದರು. ಸೇನೆ ಒಳಗೆ ಹೋಗಬೇಕು ಅನ್ನೋದು ಇಂದಿರಾ ಅವರ ಮಾತು. ಮಾಣೆಕ್‌ಷಾ ಒಪ್ಪಲಿಲ್ಲ. ಮಳೆ ಹಿಡಿದರೆ ಅಲ್ಲಿನ ನದಿಗಳು ಸಮುದ್ರವಾಗುತ್ತವೆ. ಹಿಮ ಕರಗಿ ಉತ್ತರದ ದಾರಿ ತೆರೆದರೆ ಚೀನಾ ಬರಬಹುದು. ಪಂಜಾಬಿನ ಕಡೆ ಸುಗ್ಗಿ, ಸೈನ್ಯ ಸಾಗಿಸೋಕೆ ರೈಲು ಲಾರಿ ಎಲ್ಲ ಹಿಡಿದುಕೊಂಡರೆ ಗೋಧಿ ಅಲ್ಲೇ ಉಳಿಯುತ್ತದೆ. ಬೇಕಾದರೆ ರಾಜೀನಾಮೆ ಕೊಡುತ್ತೇನೆ ಅಂದರಂತೆ. ಈ ಕತೆಯನ್ನು ಮುಂದೆ ಹೇಳಿಕೊಂಡು ಬಂದವರು ಅವರೇ. ಮಾತಿನಲ್ಲಿ ಜೋರು ಮನುಷ್ಯ, ಒಂದಿಷ್ಟು ಉಪ್ಪು ಖಾರ ಸೇರಿರಲೂಬಹುದು. ಆದರೆ ಯುದ್ಧ ಡಿಸೆಂಬರಿಗೆ ಹೋಗಿದ್ದಂತೂ ಸುಳ್ಳಲ್ಲ.

ನಮ್ಮ ಕಾಕಾ ಆಗ ಮರಾಠಾ ಲೈಟ್ ಇನ್‌ಫಂಟ್ರಿಯ ಒಂದನೇ ಬಟಾಲಿಯನ್‌ನಲ್ಲಿದ್ದರು. ಎಲ್ಲರೂ ಜಂಗಿ ಪಲ್ಟನ್ ಅಂತಾರೆ. ಈಗ ಬೈಲಹೊಂಗಲದ ಹತ್ತಿರ ಹೊಲ ನೋಡಿಕೊಂಡಿದ್ದಾರೆ. ತಿಂಗಳಿಗೊಮ್ಮೆ ಬೆಳಗಾವಿಗೆ ಬಂದು, ಕ್ಯಾಂಪಿನ ಕ್ಯಾಂಟೀನಿನಲ್ಲಿ ಸಾಮಾನು ತಗೊಂಡು, ಚೀಲ ನಮ್ಮ ಕಟ್ಟೆ ಮೇಲಿಟ್ಟು ಚಹಾ ಕುಡಿದೇ ಹೋಗೋದು. ಗ್ರೂಪಿನ ಜಗಳ ಓದಿ ಹೇಳಿದೆ. ಬಸಿಯಲ್ಲಿ ಚಹಾ ಆರಿಸುತ್ತಾ ಅವರು ಕೇಳಿದ್ದು ಇಷ್ಟೇ: "ಎರಿ ಹೊಲದಾಗ ಮಳಿ ಆದ ಮ್ಯಾಲ ಚಕ್ಕಡಿ ಹೂಡ್ತಿಯೇನಪಾ ನೀ?"

ಹೂಡಲ್ಲ. ಗಾಲಿ ಅಚ್ಚಿನ ತನಕ ಹೂತು, ಎತ್ತು ಮಂಡಿಯೂರಿದ್ದನ್ನು ಚಿಕ್ಕಂದಿನಲ್ಲಿ ನಾನೇ ನೋಡಿದ್ದೇನೆ. ದೊಡ್ಡ ದೊಡ್ಡ ಪುಸ್ತಕಗಳು ತಂತ್ರಗಾರಿಕೆ ಅನ್ನೋದನ್ನು ಕಾಕಾ ಚಕ್ಕಡಿಯಲ್ಲಿ ಮುಗಿಸಿಬಿಟ್ಟರು.

ಅವರ ಪಲ್ಟನ್ ಬ್ರಹ್ಮಪುತ್ರಾ ದಾಟಿ ಜಮಾಲ್‌ಪುರದ ಹಿಂದೆ ಹೋಗಿ ಢಾಕಾ ರಸ್ತೆಗೆ ಅಡ್ಡ ಕೂತಿತ್ತು. "ಡಿಸೆಂಬರನ್ಯಾಗ ನೀರ ಇಳದಿತ್ತು, ಅದಕ್ಕ ದಾಟಿದಿವಿ" ಅಂತಾರೆ. ಅವರ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಕ್ಲೇರ್ ಅವರು ಶರಣಾಗಿ ಅಂತ ಊರೊಳಗಿನ ಪಾಕ್ ಕಮಾಂಡರಿಗೆ ಒಂದು ಪತ್ರ ಕಳಿಸಿದ್ದರು. ಉತ್ತರದ ಜೊತೆ ಒಂದು ಗುಂಡು ಬಂತು, ಕಾಗದದಲ್ಲಿ ಸುತ್ತಿಕೊಂಡು. ಡಿಸೆಂಬರ್ 10ರ ರಾತ್ರಿ ಪಾಕ್ ಸೈನಿಕರು ಕತ್ತಲಲ್ಲಿ ಢಾಕಾ ಕಡೆ ತಪ್ಪಿಸಿಕೊಳ್ಳಲು ಹೋಗಿ ಮರಾಠರ ಬಂದೂಕಿನ ಎದುರಿಗೇ ಬಂದರು. 11ಕ್ಕೆ ಜಮಾಲ್‌ಪುರ ಕೈಗೆ ಬಂತು. ಆ ರಾತ್ರಿಯ ಬಗ್ಗೆ ಕಾಕಾ ಇದಕ್ಕಿಂತ ಜಾಸ್ತಿ ಯಾವತ್ತೂ ಹೇಳಿಲ್ಲ. ನಾವೂ ಕೇಳಿಲ್ಲ.

16ಕ್ಕೆ ಢಾಕಾದಲ್ಲಿ ಅಲ್ಲಿನ ಪಾಕ್ ಸೇನೆಯ ಮುಖ್ಯಸ್ಥ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ. ಸುಮಾರು 93,000 ಮಂದಿ ಸೆರೆಯಾದರು. ಆ ಫೋಟೋ ಎಲ್ಲರೂ ನೋಡಿದ್ದೀರಿ. ನಿಯಾಜಿ ಪಕ್ಕ ಕೂತವರು ನಮ್ಮ ಪೂರ್ವ ವಿಭಾಗದ ಸೇನಾಧಿಕಾರಿ ಜಗಜಿತ್ ಸಿಂಗ್ ಅರೋರಾ. ಮಾಣೆಕ್‌ಷಾ ಅದರಲ್ಲಿ ಇಲ್ಲವೇ ಇಲ್ಲ. ಗಮನಿಸಿದ್ದೀರಾ? ಈಗ ರಸ್ತೆ ಗುಂಡಿ ಮುಚ್ಚಿದ್ರೂ ಬ್ಯಾನರಿನಲ್ಲಿ ಹನ್ನೆರಡು ಮುಖ ಇರುತ್ತವೆ.

ಕಾಯಬೇಕು ಅಂದ ತಕ್ಷಣ ಪುಕ್ಕಲ ಅನ್ನೋರಿಗೆ ಇನ್ನೊಂದು ಮಾತು. 1942ರಲ್ಲಿ ಬರ್ಮಾದ ಸಿತ್ತಾಂಗ್ ನದಿ ಹತ್ತಿರ ಹೊಟ್ಟೆಗೆ ಗುಂಡು ತಿಂದವರು ಈ ಮಾಣೆಕ್‌ಷಾ. ಅವರ ಆರ್ಡರ್ಲಿ, ಅಂದರೆ ಜೊತೆಗಿದ್ದ ಸಹಾಯಕ ಸಿಪಾಯಿ, ಹೊತ್ತು ತಂದಿದ್ದಕ್ಕೆ ಜೀವ ಉಳಿಯಿತು. 1962ರಲ್ಲಿ ಚೀನಾ ಎದುರು ಸೋತು ಕಂಗೆಟ್ಟಿದ್ದ ತೇಜ್‌ಪುರದ ಸೇನೆಗೆ ಬಂದು, ಲಿಖಿತ ಆದೇಶವಿಲ್ಲದೆ ಯಾರೂ ಹಿಂದೆ ಸರಿಯಬಾರದು, ಆ ಆದೇಶ ನಾನು ಕೊಡೋದೂ ಇಲ್ಲ ಅಂದವರೂ ಇವರೇ. ಅಂಥವರು ಬೇಡ ಅಂದರೆ ಕೇಳಬೇಕಾಗುತ್ತೆ ಅಲ್ವಾ? ಇಂದಿರಾ ಕೇಳಿದರು. ನನಗೆ ಅದೂ ಸಣ್ಣ ವಿಷಯ ಅನಿಸಲ್ಲ.

ಮಾಣೆಕ್‌ಷಾ 2008ರಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ರಾಷ್ಟ್ರಪತಿ, ಪ್ರಧಾನಿ ಯಾರೂ ಬರಲಿಲ್ಲ. ಅದರ ಬಗ್ಗೆ ಬರೆದರೆ ಸಿಟ್ಟು ಬರುತ್ತೆ, ಬಿಡಿ.

ಕಾಕಾ ಚೀಲ ಎತ್ತಿಕೊಳ್ಳುತ್ತಾ ಕೇಳಿದರು, "ಇವತ್ತ ನುಗ್ಗಬೇಕು ಅಂದಂವ ಎಲ್ಲಿರ್ತಾನ?"

"ಪುಣೆದಾಗ, ಕಂಪ್ಯೂಟರ್ ಕೆಲಸ."

"ರವಿವಾರ ಊರಿಗೆ ಬರಾಕ ಹೇಳ. ಕಬ್ಬಿಗೆ ನೀರ ಬಿಡೂದೈತಿ. ಕರೆಂಟ ರಾತ್ರಿ ಎರಡಕ್ಕ ಬರತೈತಿ."